ಎಂಟು ತಿಂಗಳ ಕೂಸಿನೊಡನೆ ಕಾರಿನಲ್ಲಿ ಘಟ್ಟ ಇಳಿಯಬಹುದೇ?

ದೀಪಾವಳಿಗೆ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಕಾರುಗಳಲ್ಲಿ ಪ್ರತಿ ವರ್ಷ ಹಾಲುಗೂಸುಗಳೂ ಇರುತ್ತವೆ. ಕರೆದೊಯ್ಯಬೇಕೆ, ಬೇಡವೆ ಎಂಬ ಚರ್ಚೆ ಈ ಸಲ ಒಂದೇ ಮನೆಯ ಇಬ್ಬರ ನಡುವೆ ಎದ್ದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಪರ. ಪುತ್ತೂರಿನ ಬಳಿಯ ಹಳ್ಳಿಯಲ್ಲಿರುವ, ತಾಲೂಕು ಆಸ್ಪತ್ರೆಯಲ್ಲಿ ದಾದಿಯಾಗಿ ನಿವೃತ್ತರಾದ ತಾಯಿ ವಿರೋಧ.

ಪರ: ದಾರಿಯ ಹೊತ್ತನ್ನು ಕೂಸೇ ನಿರ್ಧರಿಸಲಿ

ನನ್ನ ಅಜ್ಜಿಗೆ ತೊಂಬತ್ತರ ಹತ್ತಿರದ ಪ್ರಾಯ. ಗಂಟು ನೋವು, ಕಣ್ಣಿಗೆ ಪೊರೆ. ಜಗಲಿಯಿಂದ ಅಂಗಳಕ್ಕೆ ಇಳಿಯುವುದೇ ಕಷ್ಟ. ನನ್ನ ಹೆರಿಗೆ ಬೆಂಗಳೂರಿನಲ್ಲೇ ಆಯಿತು, ಅಮ್ಮ ಇಲ್ಲಿಗೇ ಬಂದು ಬಾಳಂತನ ಮಾಡಿದರು. ಹಾಗಾಗಿ ಅಜ್ಜಿ ತಮ್ಮ ಮರಿಮಗಳನ್ನು ಈವರೆಗೆ ಕಂಡಿರುವುದು ಫೋನಿನಲ್ಲಿ ಮಾತ್ರ. ಉಳಿದವರೆಲ್ಲ ಬೆಂಗಳೂರಿಗೆ ಬಂದು ಹೋಗಬಲ್ಲರು, ಅಜ್ಜಿ ಬರಲಾರರು. ಕೂಸಿಗೆ ಎರಡು ವರ್ಷ ತುಂಬಲಿ, ಆಮೇಲೆ ನೋಡೋಣ ಎನ್ನುವವರು ಅಜ್ಜಿಗೆ ಆ ಎರಡು ವರ್ಷದ ಭರವಸೆ ಕೊಡಬಲ್ಲರೇ?

ಎರಡನೆಯ ಕಾರಣ ನಾನೇ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಆದರೆ ರಜೆ ಮುಗಿದ ಮರುದಿನದಿಂದ ಬೆಳಗ್ಗೆ ಡೇ ಕೇರ್, ಸಂಜೆ ಟ್ರಾಫಿಕ್, ರಾತ್ರಿಯಿಡೀ ಎಚ್ಚರ. ಈ ಫ್ಲ್ಯಾಟಿನಲ್ಲಿ ಕೂಸು ದಿನಕ್ಕೆ ನೋಡುವ ಮುಖಗಳು ನಾಲ್ಕೋ ಐದೋ. ಊರಿನಲ್ಲಿ ದೊಡ್ಡಮ್ಮ ಇದ್ದಾರೆ, ಚಿಕ್ಕಮ್ಮ ಇದ್ದಾರೆ, ಪಕ್ಕದ ಮನೆಯ ಮಕ್ಕಳಿದ್ದಾರೆ. ಕಿವಿಗೆ ತುಳು ಬೀಳುತ್ತದೆ, ಕಣ್ಣಿಗೆ ಕರು ಕಾಣುತ್ತದೆ. ನಾನು ಸ್ನಾನಕ್ಕೆ ಹೋದರೆ ಕೂಸನ್ನು ಎತ್ತಿಕೊಳ್ಳಲು ಕೈಗಳು ಸಿಗುವ ಒಂದು ವಾರ ನನಗೆ ಬೇಕು. ತಾಯಿಯ ದಣಿವನ್ನು ಲೆಕ್ಕಕ್ಕೆ ಹಿಡಿಯದೆ ಮಗುವಿನ ಹಿತದ ಮಾತಾಡುವವರನ್ನು ನಾನು ಒಪ್ಪುವುದಿಲ್ಲ.

ಮೂರು ತಿಂಗಳ ಕೂಸಾಗಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ಆಗ ಕತ್ತು ನಿಂತಿರುವುದಿಲ್ಲ. ಈಗ ಕೂರುತ್ತಾಳೆ, ಎದೆಹಾಲಿನ ಜೊತೆ ರಾಗಿ ಮಣ್ಣಿ, ಬೇಯಿಸಿ ನುರಿದ ನೇಂದ್ರಬಾಳೆ ತಿನ್ನುತ್ತಾಳೆ. ಹೆಜ್ಜೆ ಇಡಲು ಕಲಿತ ಮಗುವಿನ ಹಾಗೆ ಕಾರಿನಿಂದ ಇಳಿಯಬೇಕೆಂದು ಹಟ ಹಿಡಿಯುವ ಪ್ರಾಯ ಇನ್ನೂ ಬಂದಿಲ್ಲ. ಘಟ್ಟದ ತಿರುವಿನಲ್ಲಿ ವಾಂತಿ ಆಗುತ್ತದೆ ಎಂದು ಹೆದರಿಸಿದವರುಂಟು. ಎರಡು ವರ್ಷದ ಒಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ಅದು ಹೆಚ್ಚಾಗಿ ಕಾಡುವುದು ಶಾಲೆಗೆ ಹೋಗುವ ಮಕ್ಕಳನ್ನು. ಕಿವಿ ಕಟ್ಟುವುದು ಮಾತ್ರ ನಿಜ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಅಲ್ಲಿಂದ ಗುಂಡ್ಯಕ್ಕೆ ಇಳಿಯುವಾಗ ದೊಡ್ಡವರ ಕಿವಿಯೂ ಮುಚ್ಚಿಕೊಳ್ಳುತ್ತದೆ. ಕೂಸು ಏನಾದರೂ ಚೀಪುತ್ತಾ ನುಂಗುತ್ತಾ ಇದ್ದರೆ ಅದು ತಾನಾಗಿ ಬಿಡುತ್ತದೆ.

ಇನ್ನು ಸೀಟಿನ ವಿಷಯ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ನಮ್ಮಲ್ಲಿ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವುದೂ ಇದನ್ನೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ. ದಂಡದ ಭಯಕ್ಕಲ್ಲ, ಕೂಸಿನ ಕತ್ತಿಗಾಗಿ ನಾವು ಸೀಟು ತಂದೆವು. ಕೂಸಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ಅದನ್ನು ಹೊರುವ ಕತ್ತು ಎಳೆಯದು. ಕಾರು ಥಟ್ಟನೆ ನಿಂತಾಗ ತಲೆ ಮುಂದಕ್ಕೆ ಎಸೆಯಲ್ಪಟ್ಟರೆ ಎಲ್ಲ ಎಳೆತವೂ ಕತ್ತಿಗೇ. ಮುಖ ಹಿಂದಕ್ಕೆ ಮಾಡಿ ಕೂರಿಸಿದರೆ ಆ ಹೊಡೆತವನ್ನು ಸೀಟಿನ ಬೆನ್ನು ಇಡೀ ಮೈಗೆ ಹಂಚುತ್ತದೆ. ಸರಿಯಾಗಿ ಕಟ್ಟಿದ ಸೀಟು ಕೂಸುಗಳ ಸಾವನ್ನು ಸುಮಾರು ಶೇಕಡಾ 70ರಷ್ಟು ತಗ್ಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಟನ್ನು ಕಟ್ಟುವುದು ಹಿಂದೆಯೇ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತ ಕೂಸಿಗೆ ಆ ಏರ್‌ಬ್ಯಾಗೇ ಮಾರಕ.

ನಮ್ಮ ಮನೆಗೆ ಸುಮಾರು 300 ಕಿಲೋಮೀಟರ್. ದೊಡ್ಡವರಷ್ಟೇ ಇದ್ದಾಗ ಬೆಳಗ್ಗೆ ಐದಕ್ಕೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ರೂಢಿ. ಈ ಸಲ ಎರಡು ದಿನ ಇಟ್ಟುಕೊಂಡಿದ್ದೇವೆ. ಕುಣಿಗಲ್ ದಾಟಿ ಒಮ್ಮೆ, ಚನ್ನರಾಯಪಟ್ಟಣದಲ್ಲಿ ಇನ್ನೊಮ್ಮೆ ಇಳಿದು, ಕೂಸನ್ನು ಚಾಪೆಯ ಮೇಲೆ ಕೈಕಾಲು ಆಡಿಸಲು ಬಿಟ್ಟು, ಮಧ್ಯಾಹ್ನಕ್ಕೆ ಹಾಸನದಲ್ಲಿ ಉಳಿಯುವುದು. ಮರುದಿನ ಬೆಳಕು ಹರಿದ ಮೇಲೆ ಸಕಲೇಶಪುರದಲ್ಲಿ ಹಾಲೂಡಿಸಿ ಘಟ್ಟ ಇಳಿಯುವುದು. ದೇಶದಲ್ಲಿ ಅಪಘಾತಗಳು ಅತಿ ಹೆಚ್ಚು ನಡೆಯುವ ಸಂಜೆ 6ರಿಂದ 9ರ ಹೊತ್ತಿಗೆ ನಮ್ಮ ಕಾರು ರಸ್ತೆಯಲ್ಲೇ ಇರುವುದಿಲ್ಲ.

ರೈಲಿದೆಯಲ್ಲ ಎಂದು ಅಮ್ಮ ಹೇಳುತ್ತಾರೆ. ಹಬ್ಬದ ದಿನಗಳಲ್ಲಿ ಲೋವರ್ ಬರ್ತ್ ಸಿಗುವುದೇ ಕಷ್ಟ. ಸಿಕ್ಕರೂ ಇಬ್ಬರಿಗೆ ಸಾಲದ ಅಗಲ. ಕೂಸನ್ನು ಗೋಡೆಯ ಕಡೆಗೆ ಮಲಗಿಸಿ ತಾಯಿ ಅಂಚಿನಲ್ಲಿ ರಾತ್ರಿಯಿಡೀ ಕಣ್ಣು ಬಿಟ್ಟಿರಬೇಕು. 2022ರಲ್ಲಿ ಲಖನೌ ಮೇಲ್‌ನಲ್ಲಿ ಕೂಸಿನ ಬರ್ತನ್ನು ಪ್ರಯೋಗಕ್ಕೆ ಜೋಡಿಸಿದ್ದರು. ನಮ್ಮ ಕಡೆಯ ರೈಲಿನಲ್ಲಿ ಅಂಥದ್ದನ್ನು ನಾನು ಕಂಡಿಲ್ಲ. ಡಯಪರ್ ಬದಲಿಸಲು ಅಲುಗಾಡುವ ಶೌಚಾಲಯದ ಬಳಿ ನಿಲ್ಲಬೇಕು. ಕೂಸಿಗೆ ಜ್ವರ ಏರಿದರೆ ಕಾರನ್ನು ಹಾಸನದ ಆಸ್ಪತ್ರೆಗೆ ತಿರುಗಿಸಬಹುದು. ರೈಲನ್ನು ತಿರುಗಿಸಲು ಆಗುವುದಿಲ್ಲ.

ವಿರೋಧ: ಅಳು ಸುರುವಾದರೆ ಬೆಲ್ಟು ಬಿಚ್ಚುವವರು ನಾವೇ

ಹಿಮ್ಮುಖವಾಗಿ ಕಟ್ಟಿದ ಕೂಸು ಮಾರನಹಳ್ಳಿ ದಾಟಿದ ಮೇಲೆ ಅಳಲು ಸುರು ಮಾಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹೊಳೆಯ ಕಣಿವೆ. ಹಿಂದೆ ಮಂಗಳೂರಿನ ಲಾರಿಗಳ ಸಾಲು, ಎದುರಿಗೆ ಏದುಸಿರು ಬಿಡುತ್ತಾ ಏರುವ ಗ್ಯಾಸ್ ಟ್ಯಾಂಕರುಗಳು. ನಿಲ್ಲಿಸಲು ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಐದು ನಿಮಿಷ ಅತ್ತರೆ ತಾಯಿ ತಡೆದುಕೊಂಡಾಳು. ಹದಿನೈದು ನಿಮಿಷ ಅತ್ತು ಮುಖ ಕೆಂಪಾಗಿ ಉಸಿರು ಹಿಡಿದರೆ ಬೆಲ್ಟು ಬಿಚ್ಚಿ ಎದೆಗೆ ಹಾಕಿಕೊಳ್ಳುತ್ತಾಳೆ. ಯಾವ ತಾಯಿಯೂ ಹಾಗೆಯೇ ಮಾಡುತ್ತಾಳೆ, ನಾನಾದರೂ ಅಷ್ಟೇ. ಸಾವಿರಗಟ್ಟಲೆ ಕೊಟ್ಟು ತಂದ ಸೀಟು ಆ ಗಳಿಗೆಯಲ್ಲಿ ಖಾಲಿ.

ಮಡಿಲಿನಲ್ಲಿ ಕೂಸನ್ನು ಹಿಡಿದುಕೊಳ್ಳುತ್ತೇನೆ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ, 8 ಕೆಜಿಯ ಕೂಸು ನೂರು ಕೆಜಿಗೂ ಮೀರಿದ ಬಲದಲ್ಲಿ ಕೈಯಿಂದ ಚಿಮ್ಮುತ್ತದೆ. ಅದನ್ನು ಹಿಡಿದು ನಿಲ್ಲಿಸುವ ತೋಳು ಮನುಷ್ಯರಿಗಿಲ್ಲ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ತೀರಿಕೊಂಡರು. ನಮ್ಮ ಈ ದಾರಿಯ ಕಥೆಯೇ ಬೇರೆ. ನಾಲ್ಕು ಪಥದ ಕೆಲಸ ವರ್ಷಗಟ್ಟಲೆಯಿಂದ ಅಲ್ಲಲ್ಲಿ ಅರ್ಧಕ್ಕೆ ನಿಂತು, ಮತ್ತೆ ಸುರುವಾಗಿ ನಡೆಯುತ್ತಾ ಇದೆ. ಮಳೆಗಾಲ ಕಳೆದು ಬರುವ ದೀಪಾವಳಿಗೆ ಹೊಂಡಗಳೆಲ್ಲ ಬಾಯಿ ತೆರೆದಿರುತ್ತವೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಎದ್ದು ಜೀವಗಳು ಹೋದ ದಿನವನ್ನು ಈ ಕಡೆಯವರು ಯಾರೂ ಮರೆತಿಲ್ಲ. ಆ ರಸ್ತೆಯಲ್ಲಿ ದೊಡ್ಡವರು ಓಡಾಡಲೇಬೇಕು, ಬೇರೆ ಗತಿ ಇಲ್ಲ. ಕೂಸಿಗೆ ಆ ಅಗತ್ಯ ಏನಿದೆ?

ಮಗಳ ಯೋಜನೆಯಲ್ಲಿ ಕೂಸಿನ ನಿದ್ದೆಗೆ ಜಾಗ ಇದೆ, ಓಡಿಸುವವರ ನಿದ್ದೆಗೆ ಇಲ್ಲ. ನನಗೆ ಎಲ್ಲಕ್ಕಿಂತ ಭಯ ಅದರದ್ದೇ. ಎಂಟು ತಿಂಗಳಿನಿಂದ ಆ ಮನೆಯಲ್ಲಿ ಯಾರೂ ಪೂರ್ತಿ ರಾತ್ರಿ ಮಲಗಿಲ್ಲ. ಅಳಿಯ ಜಾಗ್ರತೆಯ ಮನುಷ್ಯ, ಅತಿ ವೇಗ ಅವರಿಗಾಗದು. ಆದರೆ ಜಾಗ್ರತೆ ಇದ್ದವರಿಗೂ ನಿದ್ದೆ ಬರುತ್ತದೆ. ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕು, 100 ಮಿಲಿ ಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ಕಾನೂನಿನಲ್ಲಿ ಕುಡಿದು ಓಡಿಸುವುದಕ್ಕೆ ಇರುವ ಮಿತಿ 30 ಮಿಲಿಗ್ರಾಂ. ಕುಡಿದವರ ಕಾರಿಗೆ ಮಗಳನ್ನು ಹತ್ತಿಸೆನು ಎನ್ನುವ ನಾವು, ನಿದ್ದೆಗೆಟ್ಟವರ ಕಾರಿಗೆ ಕೂಸನ್ನು ಹತ್ತಿಸುತ್ತೇವೆ. ತಿಂಗಳುಗಟ್ಟಲೆ ಕೂಡಿಬಂದ ನಿದ್ದೆಯ ಸಾಲ ಹಾಸನದ ಹೋಟೆಲಿನ ಒಂದು ರಾತ್ರಿಯಲ್ಲಿ ತೀರುವಂಥದ್ದಲ್ಲ. ಹೊಸ ಜಾಗದಲ್ಲಿ ಕೂಸು ಇನ್ನೂ ಹೆಚ್ಚು ಎಚ್ಚರವಿರುತ್ತದೆ.

ಸೀಟಿನಲ್ಲಿ ಅದು ನಿದ್ದೆ ಹೋದರೂ ಚಿಂತೆ ತಪ್ಪುವುದಿಲ್ಲ. ಅರೆ ಒರಗಿದ ಭಂಗಿಯಲ್ಲಿ ತಲೆ ಮುಂದಕ್ಕೆ ಜೋತು, ಗಲ್ಲ ಎದೆಗೆ ತಾಗಿ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಪುಟ್ಟ ಕೂಸುಗಳಿಗೆ, ತಿಂಗಳು ತುಂಬದೆ ಹುಟ್ಟಿದವರಿಗೆ ಈ ಅಪಾಯ ಹೆಚ್ಚು, ಎಂಟು ತಿಂಗಳಿಗೆ ಕಡಿಮೆ. ಆದರೂ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬೇಡ ಎಂಬ ಸಲಹೆ ಸುಮ್ಮನೆ ಬಂದದ್ದಲ್ಲ. ನಿದ್ದೆ ಮಾಡುವ ಕೂಸನ್ನು ಎಬ್ಬಿಸಿ ಇಳಿಸಲು ದಾರಿಯಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ ಎಂದು ನಾನು ಬಲ್ಲೆ. ಹೇಗೂ ಮಲಗಿದ್ದಾಳೆ, ಇನ್ನೊಂದು ಐವತ್ತು ಕಿಲೋಮೀಟರ್ ಹೋಗೋಣ ಎನ್ನುತ್ತಾರೆ. ಇನ್ನು ಊಟಕ್ಕೆ ಇಳಿದಾಗ ಮಲಗಿದ ಕೂಸನ್ನು ಗಾಜು ಏರಿಸಿದ ಕಾರಿನಲ್ಲಿ ಬಿಟ್ಟು ಬರುವವರನ್ನು ಕಂಡು ನನ್ನ ಎದೆ ಒಡೆದಿದೆ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ಹದಿನೈದು ನಿಮಿಷದಲ್ಲಿ ಹತ್ತು ಡಿಗ್ರಿ ಶಾಖ ಏರುತ್ತದೆ. ಕೂಸಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ಮನೆಯಲ್ಲಿ ಕಾಯಿಸಿ ಫ್ಲಾಸ್ಕಿನಲ್ಲಿ ತುಂಬಿದ ಮಣ್ಣಿಯನ್ನು ದಾರಿಯುದ್ದಕ್ಕೂ ಕೊಡುವ ಅಭ್ಯಾಸದಿಂದ ಹಬ್ಬದ ಮರುದಿನ ಆಸ್ಪತ್ರೆಗೆ ಬರುತ್ತಿದ್ದ ಭೇದಿಯ ಕೂಸುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬೇಯಿಸಿದ ಆಹಾರ ಎರಡು ಗಂಟೆ ಮೀರಿದರೆ ಕೂಸಿಗೆ ಬೇಡ. ದಡಾರದ ಲಸಿಕೆ ಬೀಳುವುದೇ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕೆ ಮೊದಲು ಹಬ್ಬದ ಜನಸಂದಣಿಯಲ್ಲಿ ಕೈಯಿಂದ ಕೈಗೆ ದಾಟಿಸುವುದು ನನಗೆ ಸರಿ ಕಾಣುವುದಿಲ್ಲ.

ಮಗಳೇ, ನಿನ್ನನ್ನು ಐದು ತಿಂಗಳಿಗೇ ಬಸ್ಸಿನಲ್ಲಿ ಮಡಿಲಲ್ಲಿಟ್ಟು ಘಟ್ಟ ಹತ್ತಿಸಿದ್ದು ಹೌದು. ನಮ್ಮಲ್ಲಿ ಆಗ ಬೇರೆ ದಾರಿ ಇರಲಿಲ್ಲ, ಬಸ್ಸು ಮೆಲ್ಲ ಹೋಗುತ್ತಿತ್ತು, ರಸ್ತೆಯಲ್ಲಿ ಇಷ್ಟು ವಾಹನವೂ ಇರಲಿಲ್ಲ. ಈಗ ರೈಲಿದೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳನ್ನು ದಾಟಿ ಅದು ನಿಧಾನವಾಗಿ ಇಳಿಯುವಾಗ ಕೂಸು ಬೆನ್ನು ನೇರ ಮಾಡಿ ಮಲಗಿರುತ್ತದೆ. ಅತ್ತರೆ ಎತ್ತಿಕೊಂಡು ಓಡಾಡಿಸಬಹುದು, ಎದೆಗೆ ಹಾಕಿಕೊಳ್ಳಬಹುದು. ಅದರಿಂದ ಜೀವಕ್ಕೆ ಅಪಾಯ ಇಲ್ಲ. ಐದು ವರ್ಷದ ಒಳಗಿನವರಿಗೆ ಟಿಕೆಟೂ ಬೇಡ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಆ ದಿನ ಬೆಳಗ್ಗೆಯೇ ಕೂತರೆ ಲೋವರ್ ಬರ್ತ್ ಸಿಗುತ್ತದೆ. ಒಂದು ರಾತ್ರಿ ಕಣ್ಣು ಬಿಟ್ಟಿರಬೇಕು ಎನ್ನುತ್ತೀಯಲ್ಲ, ಕಬಕ ಪುತ್ತೂರಿನಲ್ಲಿ ಇಳಿದ ಮೇಲೆ ಕೂಸು ನನ್ನ ಕೈಗೆ ಬರುತ್ತದೆ, ನೀನು ಮಧ್ಯಾಹ್ನದವರೆಗೆ ಮಲಗು. ನಿನ್ನ ದಣಿವಿನ ಮಾತು ಓದಿ ನನಗೆ ನಿದ್ದೆ ಬಂದಿಲ್ಲ. ಅದಕ್ಕೆ ಹಬ್ಬದವರೆಗೆ ಕಾಯುವುದೂ ಬೇಡ, ನಾನೇ ಮುಂದಿನ ವಾರ ಹೊರಟು ಬರುತ್ತೇನೆ.

ಮಗಳ ಮರುಮಾತು

ನಿದ್ದೆಯ ಬಗ್ಗೆ ಅಮ್ಮ ಬರೆದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೊರಡುವ ಮೊದಲಿನ ರಾತ್ರಿಗಳಲ್ಲಿ ಕೂಸನ್ನು ನಾನೇ ನೋಡಿಕೊಂಡು ನನ್ನ ಗಂಡನನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು ಒಂದು ದಾರಿ. ನುರಿತ ಡ್ರೈವರನ್ನು ಕರೆದುಕೊಳ್ಳುವುದು ಅದಕ್ಕಿಂತ ಒಳ್ಳೆಯದು, ಅದನ್ನೇ ಮಾಡುತ್ತೇವೆ. ದಡಾರದ ಲಸಿಕೆಯೂ ಆಗಲಿ. ದೀಪಾವಳಿಯ ದಟ್ಟಣೆ ಬಿಟ್ಟು ಡಿಸೆಂಬರಿಗೆ ಹೊರಟರೆ ಹೊಂಡಗಳೂ ಅಷ್ಟಿಷ್ಟು ಮುಚ್ಚಿರುತ್ತವೆ.

ರೈಲಿನ ಮಾತನ್ನು ಮಾತ್ರ ಒಪ್ಪಲಾರೆ. ಘಟ್ಟದ ಹಳಿಯೂ ಘಟ್ಟದ ರಸ್ತೆಯಷ್ಟೇ ಗುಡ್ಡವನ್ನು ನಂಬಿಕೊಂಡಿದೆ; 2024ರ ಮಳೆಗಾಲದಲ್ಲಿ ಎಡಕುಮೇರಿ ಸಮೀಪ ಮಣ್ಣು ಕುಸಿದು ರೈಲುಗಳು ದಿನಗಟ್ಟಲೆ ನಿಂತಿದ್ದವು. ಘಟ್ಟದಲ್ಲಿ ಕೂಸು ಅತ್ತರೆ ನಾನು ಬೆಲ್ಟು ಬಿಚ್ಚುತ್ತೇನೆ ಎಂದು ಅಮ್ಮ ಖಚಿತವಾಗಿ ಹೇಳುತ್ತಾರೆ. ಅಳುವ ಮಗುವಿನ ಪಕ್ಕ ಕೂತು, ಕೈ ಹಿಡಿದು, ಹಾಡುತ್ತಾ, ಗುಂಡ್ಯ ಬರುವ ತನಕ ಬಿಚ್ಚದೆ ಇರುವುದು ಸಾಧ್ಯ ಎಂದು ನಾನು ನಂಬಿದ್ದೇನೆ. ಬೆಂಗಳೂರಿನ ರಸ್ತೆಗಳಲ್ಲಿ ಈಗಲೂ ಅದನ್ನೇ ಮಾಡುತ್ತಿದ್ದೇನೆ. ಮುಂದಿನ ವಾರ ಅಮ್ಮ ಬಂದಾಗ ಅವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುಣಿಗಲ್‌ವರೆಗೆ ಹೋಗಿ ಬರುವುದೆಂದು ತೀರ್ಮಾನಿಸಿದ್ದೇವೆ.