ಮಾವನವರು ಉಸಿರು ಬಿಡದೆ ಮಾತನಾಡಿದ್ದು

ನಮ್ಮ ಸೋದರಮಾವನವರು ಎಲೆಯಡಿಕೆಯ ನೆರವಿಲ್ಲದೆ ಎರಡು ವಾಕ್ಯಗಳನ್ನು ಒಟ್ಟಿಗೆ ಆಡಿದುದನ್ನು ನಾನು ಹುಟ್ಟಿದಂದಿನಿಂದ ಕೇಳಿದವನಲ್ಲ. ಒಂದು ಮಾತು, ಆಮೇಲೆ ಚಂಚಿಯೊಳಗೆ ಕೈ, ಎಲೆಗೆ ಸುಣ್ಣ ಸವರುವಷ್ಟು ಹೊತ್ತು ಮೌನ, ಅನಂತರ ಇನ್ನೊಂದು ಮಾತು. ಅಂಥವರ ಧ್ವನಿಮುದ್ರಣವನ್ನು ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ ಕುಳಿತು ಕೇಳಿದಾಗ ನಾವೆಲ್ಲರೂ ದಂಗಾದೆವು. ಮಾವನವರು ಮೇಲ್ ಗಾಡಿಯಂತೆ, ಒಂದು ನಿಲ್ದಾಣದಲ್ಲಿಯೂ ನಿಲ್ಲದೆ ಮಾತನಾಡುತ್ತಿದ್ದರು.

"ಯಾರಾದರೂ ಅವರನ್ನು ಅಟ್ಟಿಸಿಕೊಂಡು ಬಂದಿದ್ದರೇನು?" ಎಂದು ಕೇಳಿದಳು ನನ್ನ ಮನೆಯಾಕೆ.

ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ತಪ್ಪು ನಮ್ಮದು, ಅದರಲ್ಲಿ ಅರ್ಧ ನನ್ನದು, ಇನ್ನರ್ಧ ನಮ್ಮಣ್ಣನ ಮಗನದು.

ಮಾವನವರಿರುವುದು ಹನೂರು ಸೀಮೆಯ ಶಾಗ್ಯದಲ್ಲಿ. ಹನೂರು ಈಗ ಪ್ರತ್ಯೇಕ ತಾಲ್ಲೂಕು. ಹಿಂದೆ ಕೊಳ್ಳೇಗಾಲಕ್ಕೆ ಸೇರಿತ್ತು. ಕೊಳ್ಳೇಗಾಲವಾದರೋ 1956ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಜಮೀನಿನ ವ್ಯಾಜ್ಯವೊಂದಕ್ಕಾಗಿ ತಂದೆಯ ಕೈಹಿಡಿದು ಕೊಯಮತ್ತೂರಿಗೆ ಹೋಗಿಬಂದ ಬಾಲ್ಯದ ಕಥೆಯನ್ನು ಹೇಳಬಲ್ಲವರು ನಮ್ಮ ವಂಶದಲ್ಲಿ ಉಳಿದಿರುವುದು ಮಾವನವರೊಬ್ಬರೇ. ಅವರಿಗೆ ಎಂಬತ್ತು ದಾಟಿ ಬಹಳ ವರ್ಷಗಳಾದವು. ಆ ಕಥೆಯನ್ನೂ, ಪಕ್ಕದ ಮನೆಯ ದೇವರಗುಡ್ಡ ಅಜ್ಜ ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಪದಗಳನ್ನೂ ಹಿಡಿದಿಟ್ಟುಕೊಳ್ಳಬೇಕೆಂದು ಹೊರಟೆವು. ನನ್ನ ಫೋನಿನಲ್ಲಿ ಜಾಗವಿಲ್ಲ, ಎಲ್ಲವೂ ಆದಷ್ಟು ಚಿಕ್ಕದಾಗಿರಲಿ ಎಂದು ಅಪ್ಪಣೆ ಕೊಟ್ಟವನು ನಾನು.

ಹುಡುಗ ಗಣಕಯಂತ್ರದ ಕೆಲಸದಲ್ಲಿರುವವನು. ಮಾತನ್ನು ಹಿಡಿದ ಕ್ಷಣದಲ್ಲಿಯೇ ಹಿಂಡಿ ಚಿಕ್ಕದುಮಾಡಿ ಇಡುವ ಪ್ರೋಗ್ರಾಮೊಂದನ್ನು ಎರಡೇ ದಿನಗಳಲ್ಲಿ ಬರೆದ. ಎರಡು ದಿನ ಸಾಕಾಗಲು ಕಾರಣ, ಕಷ್ಟದ ಭಾಗವನ್ನು ಬೇರೆಯವರು ಮೊದಲೇ ಬರೆದಿಟ್ಟಿದ್ದರು. ಇಂಥ ಸಿದ್ಧ ಸಾಮಗ್ರಿಗೆ ಅವರ ಭಾಷೆಯಲ್ಲಿ ಲೈಬ್ರರಿ ಎಂದು ಹೆಸರು; ನಾವು ಕಾದಂಬರಿ ತರುವ ಲೈಬ್ರರಿಯಲ್ಲ. ಅವನು ಬಳಸಿದ್ದು ಸ್ಪೀಕ್ಸ್ ಎಂಬುದನ್ನು. ಮಾತಿಗಾಗಿಯೇ ರೂಪುಗೊಂಡ ಇದರ ಮೊದಲ ಪೂರ್ಣ ಆವೃತ್ತಿ 2003ರಲ್ಲಿ ಹೊರಬಿತ್ತು. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು.

ಇದರ ಬೇರು ನಮ್ಮ ಬೆಂಗಳೂರನ್ನೂ ಸೋಕಿದೆ ಎಂದು ತಿಳಿದು ನನಗೆ ಹೆಮ್ಮೆಯಾಯಿತು. ಬಿಷ್ಣು ಅಟಲ್ ಎಂಬವರು 1955ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿಪ್ಲೊಮಾ ಪಡೆದು, 1957ರಿಂದ 1960ರ ವರೆಗೆ ಅಲ್ಲಿಯೇ ಧ್ವನಿಶಾಸ್ತ್ರದ ಅಧ್ಯಾಪಕರಾಗಿದ್ದು, 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಅವರೂ ಮನ್‌ಫ್ರೆಡ್ ಶ್ರೋಡರ್ ಎಂಬವರೂ ಕೂಡಿ 1985ರಲ್ಲಿ ಪ್ರಕಟಿಸಿದ ವಿಧಾನವೇ ಸ್ಪೀಕ್ಸಿಗೆ ತಳಹದಿ. ಅವರ ಮೊದಲ ಪ್ರಯೋಗದಲ್ಲಿ ಒಂದು ಸೆಕೆಂಡಿನ ಮಾತನ್ನು ಹಿಂಡಲು ಕ್ರೇ ಎಂಬ ಮಹಾಗಣಕಕ್ಕೆ 150 ಸೆಕೆಂಡು ಹಿಡಿಯಿತಂತೆ. ಈಗ ಅಂಗಿಯ ಜೇಬಿನಲ್ಲಿರುವ ಫೋನು ಅದನ್ನು ಮಾತಿನ ಜೊತೆಜೊತೆಗೇ ಮಾಡಿ ಮುಗಿಸುತ್ತದೆ.

ವಿಧಾನವೂ ಸ್ವಾರಸ್ಯಕರವಾದುದು. ಯಂತ್ರವು ಮಾತನ್ನು ಒಂದು ಸೆಕೆಂಡಿನ ಐವತ್ತರಲ್ಲೊಂದು ಪಾಲಿನ ತುಣುಕುಗಳಾಗಿ ಕತ್ತರಿಸುತ್ತದೆ. ಪ್ರತಿ ತುಣುಕಿಗೂ ಧ್ವನಿಯನ್ನೇ ಬರೆದಿಡುವುದಿಲ್ಲ; ಆ ಗಳಿಗೆಯಲ್ಲಿ ಬಾಯಿ ಗಂಟಲುಗಳ ಆಕಾರ ಹೇಗಿತ್ತು, ಸ್ವರ ಎಷ್ಟು ಎತ್ತರದಲ್ಲಿತ್ತು, ಒಳಗಿನಿಂದ ಹೊರಟ ಉಸಿರು ತನ್ನ ಪಟ್ಟಿಯಲ್ಲಿರುವ ಯಾವ ಮಾದರಿಗೆ ಹತ್ತಿರ ಎಂಬ ಕೆಲವು ಅಂಕಿಗಳನ್ನು ಮಾತ್ರ ಗುರುತುಹಾಕಿಕೊಳ್ಳುತ್ತದೆ. ಕೇಳುವಾಗ ಆ ಗುರುತುಗಳಿಂದ ಮಾತನ್ನು ಹೊಸದಾಗಿ ಕಟ್ಟುತ್ತದೆ. ಬರೆದುಕೊಳ್ಳದೆ ಬಿಟ್ಟದ್ದು ಮಾತ್ರ ಮರಳಿ ಬರುವಂತಿಲ್ಲ. ಏನನ್ನು ಬಿಡಬೇಕೆಂಬುದನ್ನು ಪ್ರೋಗ್ರಾಂ ಬರೆಯುವವನು ಕೆಲವು ಆಯ್ಕೆಗಳ ಮೂಲಕ ತಿಳಿಸಬೇಕು. ನಮ್ಮ ಹುಡುಗ ಎಡವಿದ್ದು ಅಲ್ಲಿ.

ಮೊದಲನೆಯದು ಗುಣಮಟ್ಟ, ಸೊನ್ನೆಯಿಂದ ಹತ್ತರ ವರೆಗೆ. ದೂರವಾಣಿಯ ಮಟ್ಟದ ಧ್ವನಿಯನ್ನು ಹಿಂಡದೆ ಇಟ್ಟರೆ ಸೆಕೆಂಡಿಗೆ 1,28,000 ಬಿಟ್‌ಗಳು ಬೇಕು, ಗಂಟೆಗೆ ಸುಮಾರು 58 ಮೆಗಾಬೈಟ್. ಸ್ಪೀಕ್ಸಿನಲ್ಲಿ ಎಂಟನೆಯ ಮಟ್ಟವಿಟ್ಟರೆ ಸೆಕೆಂಡಿಗೆ 15,000 ಬಿಟ್ ಸಾಕು. ನನ್ನ ಅಪ್ಪಣೆಯನ್ನು ಶಿರಸಾವಹಿಸಿದ ಹುಡುಗ ಇಟ್ಟದ್ದು ಎರಡು. ಗಂಟೆಯ ಮಾತು ಮೂರು ಮೆಗಾಬೈಟಿನೊಳಗೆ ಅಡಗಿತು. ಅರ್ಥವಾಗುತ್ತಿತ್ತು, ಆದರೆ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು.

ಎರಡನೆಯದು ಧ್ವನಿಯ ಅಗಲ. ಸೆಕೆಂಡಿಗೆ 8,000 ಬಾರಿ ಅಳೆದರೆ 4,000 ಕಂಪನಗಳಿಗೆ ಮೇಲ್ಪಟ್ಟ ಧ್ವನಿಯೆಲ್ಲ ಬಿದ್ದುಹೋಗುತ್ತದೆ. ಸಕಾರದ ಸತ್ವ ಬಹುಪಾಲು ಇರುವುದೇ ಅದರ ಮೇಲೆ. ಹಳೆಯ ದೂರವಾಣಿಯಲ್ಲಿ ಹೆಸರು ಹೇಳಿದರೆ "ಸ ಅಂದಿರೋ, ಫ ಅಂದಿರೋ?" ಎಂದು ಅತ್ತಲಿಂದ ಕೇಳುತ್ತಿದ್ದುದು ಇದರಿಂದಲೇ. 16,000 ಬಾರಿ ಅಳೆಯುವ ಆಯ್ಕೆಯೂ ಇತ್ತು. ಹುಡುಗ ಅದನ್ನು ಮುಟ್ಟಲಿಲ್ಲ.

ಶ್ರಮದ ಆಯ್ಕೆಯೊಂದಿದೆ, ಒಂದರಿಂದ ಹತ್ತು. ಅದನ್ನು ಮಾತ್ರ ಅಭಿಮಾನದಿಂದ ಹತ್ತಕ್ಕೇ ಏರಿಸಿದ್ದ. ಒಂದಕ್ಕೂ ಹತ್ತಕ್ಕೂ ಕರ್ಕಶತೆಯಲ್ಲಿ ಒಂದೆರಡು ಡೆಸಿಬೆಲ್ ವ್ಯತ್ಯಾಸವಷ್ಟೇ. ಯಂತ್ರದ ದುಡಿಮೆ ಮಾತ್ರ ಸುಮಾರು ಐದು ಪಟ್ಟು. ಎರಡರಿಂದ ನಾಲ್ಕರೊಳಗೆ ಇಡುವುದೇ ಲೇಸು ಎಂದು ಕೈಪಿಡಿ ಹೇಳುತ್ತದೆ. ಕೈಪಿಡಿಯನ್ನು ಓದುವ ವಯಸ್ಸು ಅವನದಲ್ಲ.

ಇನ್ನು ಮಾವನವರ ಉಸಿರನ್ನು ಕಸಿದುಕೊಂಡ ಆಯ್ಕೆಗಳು. ಮಾತು ಯಾವುದು, ಮೌನ ಯಾವುದು ಎಂದು ಯಂತ್ರ ತಾನೇ ಗುರುತಿಸುವುದು ಒಂದು. ಮೌನವಿದ್ದಾಗ ಏನನ್ನೂ ಕಳುಹಿಸದೆ ಸುಮ್ಮನಿರುವುದು ಇನ್ನೊಂದು. ಯಾರೂ ಹೇಳದಿದ್ದರೆ ಸ್ಪೀಕ್ಸ್ ಇವುಗಳನ್ನು ಮುಟ್ಟುವುದಿಲ್ಲ. ಜಾಗದ ಆಸೆಗೆ ನಮ್ಮ ಹುಡುಗ ಎರಡನ್ನೂ ತೆರೆದಿದ್ದ. ಫೋನಿನಲ್ಲಿ ಎದುರುಬದುರಾಗಿ ಮಾತನಾಡುವಾಗ ಇದರಿಂದ ತೊಂದರೆಯಿಲ್ಲ. ಆಚೆ ಬದಿಯ ಗಡಿಯಾರ ಓಡುತ್ತಲೇ ಇರುತ್ತದೆ. ಬಾರದ ತುಣುಕಿನ ಜಾಗವನ್ನು ಅಲ್ಲಿನ ಯಂತ್ರ ಮೆಲುವಾದ ಗುಜುಗುಜಿನಿಂದ ತುಂಬುತ್ತದೆ. ಕಡತದಲ್ಲಿ ಬರೆದಿಡುವಾಗ ಹಾಗಲ್ಲ. "ಈ ತುಣುಕನ್ನು ಕಳುಹಿಸಬೇಕಾಗಿಲ್ಲ" ಎಂದು ಲೈಬ್ರರಿ ಹೇಳಿದಾಗಲೆಲ್ಲ ಹುಡುಗನ ಪ್ರೋಗ್ರಾಂ ಅದನ್ನು ಬರೆಯದೆ ಬಿಟ್ಟಿತು. ಅಲ್ಲಿ ಹೊತ್ತು ಕಳೆಯಿತೆಂಬ ಗುರುತನ್ನೂ ಇಡಲಿಲ್ಲ. ಚಂಚಿ ಹೋಯಿತು, ಸುಣ್ಣ ಹೋಯಿತು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಾವನವರು ತಂದೆಯ ಮಾತು ಬಂದಾಗ ದನಿ ತಗ್ಗಿಸುತ್ತಾರೆ. ಕೊಯಮತ್ತೂರಿನ ಕಚೇರಿಯ ಮೆಟ್ಟಿಲ ಮೇಲೆ ತಂದೆ ಅವರಿಗೆ ಏನೋ ಹೇಳಿದರಂತೆ. ಆ ಮೆಲುದನಿಯನ್ನು ಯಂತ್ರ ಮೌನವೆಂದೇ ಬಗೆದು ಕೈಬಿಟ್ಟಿತ್ತು.

ದೇವರಗುಡ್ಡ ಅಜ್ಜನ ಪದದ ಗತಿಯೂ ಅದೇ. ಮಾತಿಗಾಗಿ ಹುಟ್ಟಿದ ಯಂತ್ರ, ಕಂಸಾಳೆಯ ಕಂಚಿನಲ್ಲಿಯೂ ಗಂಟಲನ್ನೇ ಹುಡುಕಿತು. ಅಂಗೈಯ ಬಟ್ಟಲಿಗೆ ಮೇಲಿನ ತಟ್ಟೆ ಬಡಿದಾಗ ಏಳುವ ಆ ಝೇಂಕಾರ ನಮ್ಮ ಹಜಾರದಲ್ಲಿ ಮೊರದಲ್ಲಿ ಅಕ್ಕಿ ಕೇರಿದಂತೆ ಕೇಳಿಸಿತು.

ಹುಡುಗ ಎರಡು ದಿನ ಊಟದ ಮನೆಯಲ್ಲಿ ತಲೆಯೆತ್ತಲಿಲ್ಲ. ಮೂರನೆಯ ದಿನ, "ಚಿಕ್ಕಪ್ಪ, ಇನ್ನೊಮ್ಮೆ ಹೋಗೋಣ. ಈ ಸಲ ಹಿಂಡದೆ, ಹಿಡಿದದ್ದನ್ನು ಹಿಡಿದಂತೆಯೇ ಇಡುತ್ತೇನೆ. ಪ್ರತಿ ಮಾಡಿ ಹಂಚುವುದಕ್ಕೆ ಓಪಸ್ ಸಾಕು" ಎಂದ. ಓಪಸ್ ಎಂಬುದು 2012ರಲ್ಲಿ ಬಂದದ್ದು. ಮಾತಿಗೊಂದು, ಸಂಗೀತಕ್ಕೊಂದು ಎಂದು ಎರಡು ಬಗೆಯ ವಿಧಾನಗಳನ್ನು ಒಡಲಲ್ಲಿಟ್ಟುಕೊಂಡಿದೆ. ಸ್ಪೀಕ್ಸನ್ನು ರೂಪಿಸಿದವರೇ ಈಗ ಇದನ್ನು ಬಳಸಿರೆಂದು ಹೇಳುತ್ತಾರೆ. ಹಿಂಡದ ಮೂಲಪ್ರತಿ ಗಂಟೆಗೆ 345 ಮೆಗಾಬೈಟಂತೆ. ಜಾಗದ ಮಾತನ್ನು ನಾನು ಎತ್ತಲಿಲ್ಲ.

ಹೋದೆವು. ಅಜ್ಜನ ಕಂಸಾಳೆ ಸೊಗಸಾಗಿ ಬಂತು. ಕೊನೆಯ ಪೆಟ್ಟಿನ ನಾದ ಕರಗುವುದೂ ಅದರಲ್ಲಿದೆ. ಅನಂತರ ಮಾವನವರ ಸರದಿ. ಚಂಚಿ ಬಿಚ್ಚಿದರು, ಎಲೆಗೆ ಸುಣ್ಣ ಸವರಿದರು, ಹುಡುಗ ಮಿಸುಕಾಡದೆ ಕಾದ. ಕೊಯಮತ್ತೂರಿನ ದಾರಿ ಬಂತು, ಕಚೇರಿ ಬಂತು. ಮೆಟ್ಟಿಲ ಮೇಲೆ ತಾತ ಏನೆಂದರು ಎಂದು ನಾನು ಕೇಳಿದೆ.

ಮಾವನವರು ಬಹಳ ಹೊತ್ತು ಜಗಿದರು. "ಆಗ ಯೋಳ್ದಂಗೆ ಈಗ ನೆಪ್ಪಾಗಾಕಿಲ್ಲ ಕನಪ್ಪ," ಎಂದರು. "ಅವತ್ತೇ ಯೋಳಿದ್ನಲ್ಲ, ಅದ್ನ ಎಲ್ಲಿ ಮಡಗಿದ್ದೀಯೆ?"