ಆಡಿನ ಮರಿ ಸತ್ತಾಗ

ಜಮಖಂಡಿ ತಾಲ್ಲೂಕಿನ ಹುನ್ನೂರಿನಂಥ ಊರುಗಳಲ್ಲಿ, ಹಿತ್ತಲಲ್ಲಿ ಎರಡು ಆಡು ಕಟ್ಟಿದ ಮನೆಗೆ ಮರಿ ಹುಟ್ಟಿದರೆ ಮಕ್ಕಳಿಗೆ ಹಬ್ಬ. ಅದೇ ಮರಿ ಮರುದಿನ ಸತ್ತರೆ? ತಂದೆ ತಾಯಂದಿರು ‘ಮಲಗಿದೆ’ ಎನ್ನಬಾರದು. ಸತ್ತಿತೆಂದೇ ಹೇಳಿ, ಅಳಲು ಬಿಡಿ. ಮಗು ತನ್ನದೇ ತಪ್ಪೆಂದು ಕೊರಗದಂತೆ ನೋಡಿಕೊಳ್ಳಿ.

ವಿದ್ಯಾರ್ಥಿಗಳೇ, ಕಾರಣವನ್ನೂ ತಿಳಿಯಿರಿ. ರೋಗನಿರೋಧಕ ಶಕ್ತಿ ಮರಿಗೆ ಗರ್ಭದಲ್ಲಿ ದೊರೆಯದು, ಗಿಣ್ಣದ ಹಾಲಿನಿಂದಲೇ ಬರಬೇಕು. ಕರುಳು ಅದನ್ನು ಹೀರಿಕೊಳ್ಳುವುದು ಮೊದಲ 24 ಗಂಟೆ ಮಾತ್ರ. ಆದ್ದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕು. 2 ಕಿಲೋ ಮರಿಗೆ ಮೊದಲ ದಿನ ಸುಮಾರು 200 ಮಿಲಿಲೀಟರ್. ಮೈ ಒರೆಸಿ ಬೆಚ್ಚಗಿಡಿ, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ.

ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾದಂಥ ಸೋಂಕು ಮನುಷ್ಯರಿಗೂ ತಗಲುತ್ತದೆ. ಒಂದರ ಹಿಂದೊಂದು ಸತ್ತರೆ ಹೂಳುವ ಮುನ್ನ ಪಶುವೈದ್ಯರಿಗೆ ತೋರಿಸಿ. ಉಳಿದ ಮರಿಯ ಆರೈಕೆಯಲ್ಲಿ ಮಗುವನ್ನೂ ಸೇರಿಸಿಕೊಳ್ಳಿ.