ಮೊದಲ ಹಾಡಿನ ಪೆಟ್ಟಿಗೆ

ಕಳೆದ ಆಷಾಢದಲ್ಲಿ ನನ್ನ ವಿದ್ಯಾರ್ಥಿವೇತನದ ಹಣ ಬಂದಿತು. ಪರೀಕ್ಷಾ ಶುಲ್ಕವನ್ನು ಕಟ್ಟಿ, ಬಸ್ಸಿನ ಪಾಸು ಮಾಡಿಸಿ, ಸಹಪಾಠಿಯೊಬ್ಬನಿಂದ ಪಡೆದಿದ್ದ ಕೈಗಡವನ್ನು ತೀರಿಸಿದ ಮೇಲೆ 1,800 ರೂಪಾಯಿ ಉಳಿಯಿತು. ಜೇಬಿನಲ್ಲಿಟ್ಟು ಒಯ್ಯಬಹುದಾದ ಒಂದು ಹಾಡಿನ ಪೆಟ್ಟಿಗೆಯನ್ನು ಈ ಹಣದಿಂದ ಕೊಳ್ಳಬೇಕೆಂದಿದ್ದೇನೆ ಎಂದು ನಾನು ಕಾಲೇಜಿನ ಹೊಂಗೆಯ ಮರದ ಕೆಳಗೆ ಬಾಯಿಬಿಟ್ಟುದೇ ತಡ, ಸುತ್ತ ಕುಳಿತಿದ್ದ ಮಿತ್ರರೆಲ್ಲ ನಕ್ಕುಬಿಟ್ಟರು.

“ಅಲ್ಲಯ್ಯ, ಮೊಬೈಲು ಇರುವಾಗ ಅದೇತಕ್ಕೆ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ!” ಎಂದನೊಬ್ಬ. “ಕೊಳ್ಳುವುದಾದರೆ ಹತ್ತು ಸಾವಿರ ಹಾಡು ಹಿಡಿಯುವಂತಹುದನ್ನು ಕೊಳ್ಳು” ಎಂದ ಮತ್ತೊಬ್ಬ. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಈಗ ನಮ್ಮ ವಾರ್ಷಿಕ ಸಂಚಿಕೆಯ ಮೂಲಕ ಕೊಡಲು ಯತ್ನಿಸುತ್ತೇನೆ. ಮೊದಲ ಸಲ ಹಾಡಿನ ಪೆಟ್ಟಿಗೆಯನ್ನು ಕೊಳ್ಳುವವನು ಅದು ಎಷ್ಟು ಹಾಡು ಹಿಡಿಯುತ್ತದೆಂದು ಕೇಳುವ ಮೊದಲು, ಅದರಲ್ಲಿ ಯಾವ ಹಾಡನ್ನು ಕೇಳಬೇಕು, ಕೇಳುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಬೇಕು ಎಂಬುದೇ ನನ್ನ ಅಭಿಪ್ರಾಯ.

ನನ್ನ ಮಟ್ಟಿಗೆ ಈ ಪ್ರಶ್ನೆ ಹುಟ್ಟಿದುದು ಒಂದು ಹಳೆಯ ಕ್ಯಾಸೆಟ್ಟಿನಿಂದ. ನನ್ನ ತಾಯಿಯ ತಾಯಿ ಸೋಬಾನೆ ಹಾಡುವುದರಲ್ಲಿ ಊರಿಗೆಲ್ಲ ಹೆಸರಾಗಿದ್ದವರು. ಸುತ್ತಿನಲ್ಲಿ ಎಲ್ಲಿಯೇ ಮದುವೆಯಾಗಲಿ, ಹಸೆಗೆ ಕರೆಯುವ ಹಾಡಿಗೆ ಅಜ್ಜಿಯೇ ಬರಬೇಕಾಗಿದ್ದಿತು. 1994ರಲ್ಲಿ ನನ್ನ ಸೋದರಮಾವ ಒಂದು ಟೇಪ್ ರೆಕಾರ್ಡರ್ ತಂದಾಗ, ಸಂಜೆ ಜಗಲಿಯ ಮೇಲೆ ಅಜ್ಜಿಯನ್ನು ಕೂರಿಸಿ ಹಾಡಿಸಿ ಹಿಡಿದಿಟ್ಟರಂತೆ. ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ನಲವತ್ತೆರಡು ನಿಮಿಷ ಹಾಡು ಇದೆ. ನಡುನಡುವೆ ಕೆಮ್ಮು, ದನದ ಕೊರಳ ಗಂಟೆ, “ಸಾಕು ಬಿಡ್ಲಾ” ಎಂಬ ಅಜ್ಜಿಯ ಗದರಿಕೆಯೂ ಇವೆ. ನಾನು ಐದನೆಯ ತರಗತಿಯಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಆಕೆಯ ಹಾಡು ಬರೆದಿಟ್ಟುದಿಲ್ಲ, ಅಚ್ಚಾದುದಿಲ್ಲ. ಅದು ಇದ್ದುದು ಅವ್ವನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ.

ಎರಡು ವರ್ಷಗಳ ಹಿಂದೆ ಮಾವನ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಾಕಿದಾಗ ಯಂತ್ರ ಸುರುಳಿಯನ್ನೇ ನುಂಗತೊಡಗಿತು. ಒಳಗಿನ ರಬ್ಬರು ಹಳತಾಗಿ ಅಂಟಂಟಾಗಿದ್ದಿತು. ಅವ್ವ ಓಡಿಬಂದು ಯಂತ್ರವನ್ನು ನಿಲ್ಲಿಸಿ, ಹೊರಗೆ ಬಂದಿದ್ದ ಗೇಣುದ್ದದ ಸುರುಳಿಯನ್ನು ಪೆನ್ಸಿಲಿನಿಂದ ಮೆಲ್ಲಮೆಲ್ಲನೆ ಒಳಕ್ಕೆ ಸುತ್ತಿದ ರೀತಿಯನ್ನು ನಾನು ಮರೆಯಲಾರೆ. ಆಕೆಯ ಕೈ ನಡುಗುತ್ತಿದ್ದಿತು. ಆಮೇಲೆ ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು ತಮ್ಮ ಮನೆಯಿಂದ ಸುಸ್ಥಿತಿಯಲ್ಲಿದ್ದ ಯಂತ್ರವೊಂದನ್ನು ತಂದು, ಅದರಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ, ಹಾಡನ್ನೆಲ್ಲ ಎಂ.ಪಿ. 3 ಕಡತವಾಗಿ ಉಳಿಸಿಕೊಟ್ಟರು. ನಲವತ್ತೆರಡು ನಿಮಿಷದ ಹಾಡಿಗೆ ನಲವತ್ತೆರಡು ನಿಮಿಷವೇ ಕಾದು ಕೂರಬೇಕು. ಅವಸರ ಅಲ್ಲಿ ನಡೆಯದು. ಅವರು ತಮ್ಮ ಊಟದ ವಿರಾಮವನ್ನು ನನಗಾಗಿ ಬಿಟ್ಟರು.

ಹೀಗೆ ಉಳಿದ ಹಾಡು ಮೊದಲು ಸೇರಿದುದು ನನ್ನ ಮೊಬೈಲಿಗೇ. ಆದುದರಿಂದ ಮಿತ್ರನ ತುಪ್ಪದ ಗಾದೆಯನ್ನು ನಾನು ತಳ್ಳಿಹಾಕಲಾರೆ. ಮೊಬೈಲು ಹಾಡುತ್ತದೆ, ಚೆನ್ನಾಗಿಯೇ ಹಾಡುತ್ತದೆ. ಆದರೆ ಬೆಳಗ್ಗೆ ಏಳೂವರೆಯ ಬಸ್ಸಿಗೆ ನಾನು ಹೊರಟರೆ ಅದೂ ನನ್ನೊಡನೆ ಹೊರಡುತ್ತದೆ. ಅವ್ವ ರಾಗಿ ಕೇರುವಾಗ, ಅಡಿಗೆ ಮಾಡುವಾಗ, ಮಧ್ಯಾಹ್ನ ಒಬ್ಬಳೇ ಕುಳಿತಿರುವಾಗ ಆಕೆಯ ತಾಯಿಯ ಹಾಡು ಮೂವತ್ತು ಕಿಲೋಮೀಟರ್ ದೂರದಲ್ಲಿ ನನ್ನ ಜೇಬಿನಲ್ಲಿರುತ್ತದೆ. ಸಂಜೆ ಮರಳಿ ಹಾಡು ಹಚ್ಚಿಕೊಟ್ಟರೆ ಐದನೆಯ ನಿಮಿಷಕ್ಕೆ ಯಾರದೋ ಕರೆ. ಕರೆ ಮುಗಿಯಿತೆನ್ನುವಷ್ಟರಲ್ಲಿ ತಂಗಿಯ ಪಾಠಕ್ಕೆ ಮೊಬೈಲು ಬೇಕು. “ಮಡಗಪ್ಪ, ನಾಳೆ ಕೇಳಾನ” ಎಂದು ಅವ್ವ ಎದ್ದುಬಿಡುತ್ತಾಳೆ. ಎಲ್ಲವನ್ನೂ ಮಾಡುವ ಯಂತ್ರದಲ್ಲಿ ಒಂದೊಂದು ಕೆಲಸವೂ ಇನ್ನೊಂದು ಕೆಲಸಕ್ಕೆ ದಾರಿ ಬಿಟ್ಟು ನಿಲ್ಲಬೇಕಾಗುತ್ತದೆ. ನಮ್ಮ ಮನೆಯಲ್ಲಿ ಯಾವಾಗಲೂ ಹಾಗೆ ನಿಲ್ಲುತ್ತಿದ್ದುದು ಹಾಡು.

ಇಂಟರ್‌ನೆಟ್ಟಿನ ಮೂಲಕ ಕೋಟ್ಯಂತರ ಹಾಡುಗಳು ಸಿಗುವಾಗ ಹಾಡನ್ನು ಕೂಡಿಡುವುದೇಕೆ ಎಂದು ಕೇಳುವವರಿದ್ದಾರೆ. ಕೋಟ್ಯಂತರ ಹಾಡು ಸಿಗುವುದು ನಿಜ, ನಾನೂ ಕೇಳುತ್ತೇನೆ. ಆದರೆ ಆ ಹಾಡುಗಳು ನಮ್ಮವಲ್ಲ, ಬಾಡಿಗೆಯವು. ಚಂದಾ ನಿಂತರೆ, ಒಡೆಯರ ಒಪ್ಪಂದ ಮುಗಿದರೆ ಅವು ಹೋಗುತ್ತವೆ. ನಮ್ಮೂರಿನ ಏರಿಯನ್ನು ದಾಟಿದರೆ ಸಂಕೇತವೇ ಸಿಗದೆ ಹಾಡು ನಿಲ್ಲುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಆ ಕೋಟಿಯಲ್ಲಿ ನಮ್ಮಜ್ಜಿಯ ಹಾಡು ಒಂದೂ ಇಲ್ಲ.

ಪೆಟ್ಟಿಗೆಯನ್ನು ಹುಡುಕುವಾಗ ಇಂತಹ ಯಂತ್ರಗಳ ಚರಿತ್ರೆಯನ್ನು ಸ್ವಲ್ಪ ಓದಿದೆ. ಅಜ್ಜಿಯ ಕಂಠ ಸೇರಿದ್ದ ಬಗೆಯ ಕ್ಯಾಸೆಟ್ಟನ್ನು ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದಿತು. ಅದನ್ನು ಜೇಬಿನಲ್ಲಿಟ್ಟು ಕೇಳುವಂತೆ ಮಾಡಿದುದು ಸೋನಿ ಸಂಸ್ಥೆಯ ವಾಕ್‌ಮನ್. ಅದು ಜಪಾನಿನಲ್ಲಿ 1979ರ ಜುಲೈ 1ರಂದು ಮಾರಾಟಕ್ಕೆ ಬಂದಿತು. ಬೆಲೆ 33,000 ಯೆನ್. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರಿಗೆ ಇತರರಿಗೆ ತೊಂದರೆಯಾಗದಂತೆ ಹಾಡು ಕೇಳುವ ಆಸೆ. ಆದರೆ ಅಂದಿನ ಯಂತ್ರ ಬಲು ಭಾರ. ಹಗುರವಾದುದನ್ನು ಮಾಡಲು ಹೊರಟಾಗ ಧ್ವನಿಮುದ್ರಣದ ಭಾಗವನ್ನೇ ತೆಗೆದುಹಾಕಿದರು. ಮುದ್ರಿಸಲಾರದ ಯಂತ್ರವನ್ನು ಕೊಳ್ಳುವವರಾರು ಎಂದು ಸಂಸ್ಥೆಯೊಳಗೇ ಸಂಶಯಪಟ್ಟವರಿದ್ದರು. ಜನ ಕೊಂಡರು. ಒಂದೇ ಕೆಲಸವನ್ನು ಮಾಡುವುದು ಯಂತ್ರಕ್ಕೆ ಕೊರತೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನನ್ನ ಮನಸ್ಸನ್ನು ಹಿಡಿದುದು ಮತ್ತೊಂದು ಸಂಗತಿ. ಆ ಮೊದಲ ವಾಕ್‌ಮನ್ನಿನಲ್ಲಿ ಇಯರ್‌ಫೋನಿಗೆ ಎರಡು ರಂಧ್ರಗಳಿದ್ದುವು. ಇನ್ನೊಬ್ಬ ಸ್ಥಾಪಕರಾದ ಅಕಿಯೋ ಮೊರಿಟಾ ಯಂತ್ರವನ್ನು ಮನೆಗೆ ತಂದು ತಾವೊಬ್ಬರೇ ಕೇಳುತ್ತ ಕುಳಿತಾಗ ಅವರ ಪತ್ನಿಗೆ ಬೇಸರವಾಯಿತಂತೆ. ಅದನ್ನು ಗಮನಿಸಿದ ಅವರು ಇಬ್ಬರು ಕೇಳಲು ಅನುಕೂಲವಿರಲೆಂದು ಹೇಳಿದರು. ಹಾಡು ನಿಲ್ಲಿಸದೆಯೇ ಒಬ್ಬರೊಡನೊಬ್ಬರು ಮಾತನಾಡಲು ಒಂದು ಗುಂಡಿಯೂ ಇದ್ದಿತು. ಬರುಬರುತ್ತ ಆ ಎರಡನೆಯ ರಂಧ್ರ ಮಾಯವಾಯಿತು. ಕಿವಿಗೆ ಸಿಕ್ಕಿಸಿಕೊಂಡ ಹುಡುಗ ಮನೆಯವರ ಮಾತಿಗೆ ಕಿವುಡನಾಗುತ್ತಾನೆ ಎಂದು ಹಿರಿಯರು ದೂರುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮೊದಲು ಮಾಡಿದವರಿಗೇ ಈ ಅಳುಕು ಇದ್ದಿತೆಂಬುದನ್ನು ಹಿರಿಯರೂ ನಾವೂ ತಿಳಿದಿರಬೇಕು.

ಮುಂದೆ ಲೆಕ್ಕದ ಕಾಲ ಬಂದಿತು. ಸಿ.ಡಿ.ಯಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟು ಸ್ಥಳ ಬೇಕು. ಕಿವಿ ಗುರುತಿಸಲಾರದ ಸೂಕ್ಷ್ಮಗಳನ್ನು ಬಿಟ್ಟು ಉಳಿದುದನ್ನು ಅಡಕಮಾಡುವ ಎಂ.ಪಿ. 3 ವಿಧಾನದಲ್ಲಿ, ಸಾಧಾರಣ ಮಟ್ಟದಲ್ಲಿ, ನಿಮಿಷಕ್ಕೆ 1 ಮೆಗಾಬೈಟು ಸಾಕು. 1998ರಲ್ಲಿ ಕೊರಿಯದಿಂದ ಬಂದ ಎಂ.ಪಿ.ಮ್ಯಾನ್, ಅದೇ ವರ್ಷ ಅಮೆರಿಕದಲ್ಲಿ ಬಂದ ರಿಯೊ ಪೆಟ್ಟಿಗೆಗಳು 32 ಮೆಗಾಬೈಟಿನವು. ಎಂದರೆ ಅರ್ಧ ಗಂಟೆಯ ಹಾಡು. ನಮ್ಮಜ್ಜಿಯ ನಲವತ್ತೆರಡು ನಿಮಿಷ ಅದರಲ್ಲಿ ಪೂರ್ತಿ ಹಿಡಿಯುತ್ತಿರಲಿಲ್ಲ! 2001ರ ಅಕ್ಟೋಬರಿನಲ್ಲಿ ಬಂದ ಆ್ಯಪಲ್ ಸಂಸ್ಥೆಯ ಐಪಾಡ್ 5 ಗಿಗಾಬೈಟಿನಲ್ಲಿ ಸಾವಿರ ಹಾಡು ಹಿಡಿಯುತ್ತದೆಂದು ಲೋಕವೇ ಬೆರಗಾಯಿತು. ಆ ಐಪಾಡ್ ವಂಶವೂ 2022ರಲ್ಲಿ ನಿಂತುಹೋಯಿತು. ಇಂದು ಕಿರುಬೆರಳಿನ ಉಗುರಿನಷ್ಟಿರುವ 32 ಗಿಗಾಬೈಟಿನ ಮೆಮೊರಿ ಕಾರ್ಡಿನಲ್ಲಿ ಐನೂರು ಗಂಟೆಗೂ ಮಿಗಿಲಾದ ಹಾಡು ಹಿಡಿಸಬಹುದು. ಊಟ ನಿದ್ದೆಗಳನ್ನು ಬಿಟ್ಟು ಕೇಳಿದರೂ ಮುಗಿಯಲು ಮೂರು ವಾರ ಬೇಕು. ಆದುದರಿಂದ ಹತ್ತು ಸಾವಿರ ಹಾಡಿನ ಮಾತು ಈಗ ಅರ್ಥ ಕಳೆದುಕೊಂಡಿದೆ. ಕಣಜ ದೊಡ್ಡದಾದ ಮಾತ್ರಕ್ಕೆ ಹಸಿವು ಹೆಚ್ಚುವುದಿಲ್ಲ.

ಹಾಗಾದರೆ ನೋಡತಕ್ಕದ್ದೇನು? ನಾನು ನಗರಕ್ಕೆ ಹೋಗುವಾಗ ಅಜ್ಜಿಯ ಹಾಡನ್ನು ಒಂದು ಮೆಮೊರಿ ಕಾರ್ಡಿನಲ್ಲಿ ಹಾಕಿಕೊಂಡು ಹೋದೆ. ಅಂಗಡಿಯವರು ಕೇಳಿಸುವ ಹಾಡು ಅವರ ಸರಕಿಗೆ ಒಪ್ಪುವಂತಹುದೇ ಆಗಿರುತ್ತದೆ. ನಮ್ಮ ಹಾಡನ್ನು ಹಾಕಿ ನೋಡಿದರೆ ಪೆಟ್ಟಿಗೆಯ ಯೋಗ್ಯತೆ ತಿಳಿಯುತ್ತದೆ. ಮೊದಲು ತೋರಿಸಿದುದು ಬಣ್ಣದ ದೀಪಗಳು ಮಿನುಗುವ ದೊಡ್ಡ ಸ್ಪೀಕರು. ಅದರಲ್ಲಿ ಅಜ್ಜಿಯ ಕಂಠ ಹಗೇವಿನೊಳಗಿನಿಂದ ಬಂದಂತೆ ಗುಂಯ್‌ಗುಟ್ಟಿತು. ಎರಡನೆಯದು ಅಂದವಾದ ಗಾಜಿನ ಮುಖದ್ದು. ಆದರೆ ಹಾಡುವ ಮೊದಲು ನನ್ನ ಹೆಸರು, ವಿಳಾಸ, ಇಂಟರ್‌ನೆಟ್ಟು ಎಲ್ಲವನ್ನೂ ಕೇಳಿತು. ಸಂಬಂಧ ಬೆಳೆಸಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ! ಮೂರನೆಯದು ಹೆಬ್ಬೆರಳುದ್ದದ್ದು. ಐದು ಗುಂಡಿ, ಕಾರ್ಡಿಗೆ ಒಂದು ಸೀಳು, ಇಯರ್‌ಫೋನಿಗೆ ಒಂದು ರಂಧ್ರ, ಬೆನ್ನಿನಲ್ಲಿ ಪುಟ್ಟ ಸ್ಪೀಕರು. ಕಾರ್ಡು ಹಾಕಿ ಗುಂಡಿ ಒತ್ತಿದೆ. “ಸಾಕು ಬಿಡ್ಲಾ” ಎಂದು ಅಜ್ಜಿ ಅಂಗಡಿಯ ನಡುವೆ ಗದರಿದಳು. ಅಂಗಡಿಯ ಹುಡುಗ ಬೆಚ್ಚಿ ನನ್ನ ಮುಖ ನೋಡಿದ. ಬೆಲೆ 1,350 ರೂಪಾಯಿ.

ಅನುಭವದಿಂದ ಮೂರು ಮಾತು ಹೇಳಬಲ್ಲೆ. ಪೆಟ್ಟಿಗೆಗೆ ಕೈಗೆ ತಗಲುವ ಗುಂಡಿಗಳಿರಬೇಕು. ಹಿಟ್ಟಿನ ಕೈಯಲ್ಲಿಯೂ ಕತ್ತಲೆಯಲ್ಲಿಯೂ ಒತ್ತುವಂತಿರಬೇಕು. ಎರಡನೆಯದಾಗಿ, ನಿಲ್ಲಿಸಿದ ಸ್ಥಳದಿಂದಲೇ ಮತ್ತೆ ಹಾಡುವ ನೆನಪು ಅದಕ್ಕಿರಬೇಕು; ಇಲ್ಲವಾದರೆ ಪ್ರತಿಸಲವೂ ಮೊದಲನೆಯ ಹಾಡೇ ಗತಿ. ಮೂರನೆಯದಾಗಿ, ಎಫ್.ಎಂ. ರೇಡಿಯೋ ಇದ್ದರೆ ಒಳ್ಳೆಯದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಆಕಾಶವಾಣಿ ಇಂದಿಗೂ ಬಿಡಿಗಾಸಿಲ್ಲದೆ ಹಾಡು ಕೇಳಿಸುತ್ತಿರುವಾಗ ಅದನ್ನು ಬಿಡುವುದೇಕೆ? ಇಂತಹ ಅನೇಕ ಪೆಟ್ಟಿಗೆಗಳಲ್ಲಿ ಇಯರ್‌ಫೋನಿನ ತಂತಿಯೇ ರೇಡಿಯೋದ ಆಂಟೆನ; ತಂತಿ ಸಿಕ್ಕಿಸದೆ ರೇಡಿಯೋ ಕೆಟ್ಟಿದೆಯೆಂದು ಹಿಂದಿರುಗಿಸಲು ಹೋಗಬೇಡಿ.

ನಮ್ಮ ವಯಸ್ಸಿನವರು ಕಿವಿಯ ವಿಷಯದಲ್ಲಿಯೂ ಎಚ್ಚರವಾಗಿರಬೇಕು. 80 ಡೆಸಿಬಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಂತೆ ಕಾಲ ಬೇಗಬೇಗನೆ ಇಳಿಯಬೇಕು. ಬಸ್ಸಿನ ಗದ್ದಲವನ್ನು ಮೀರಿಸಲು ನಾವು ಸದ್ದನ್ನು ಏರಿಸುತ್ತೇವೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಬಸ್ಸಿನಲ್ಲಿ ಕೇಳಲೇಬೇಕಾದರೆ ಕಿವಿಯನ್ನು ಚೆನ್ನಾಗಿ ಮುಚ್ಚುವ ಇಯರ್‌ಫೋನಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಜಾಣತನ. ಪೆಟ್ಟಿಗೆ ಕೆಟ್ಟರೆ ಮತ್ತೊಂದನ್ನು ತರಬಹುದು.

ಪೆಟ್ಟಿಗೆಯೊಡನೆ ನಾನು ಅರುವತ್ತು ರೂಪಾಯಿ ಕೊಟ್ಟು, ಒಂದು ರಂಧ್ರವನ್ನು ಎರಡಾಗಿಸುವ ಕವಲುತಂತಿಯನ್ನೂ ತಂದೆ. ಆ ರಾತ್ರಿ ಊಟವಾದ ಮೇಲೆ ಅವ್ವನಿಗೊಂದು, ನನಗೊಂದು ಇಯರ್‌ಫೋನ್ ಹಾಕಿ ಜಗಲಿಯ ಮೇಲೆ ಕುಳಿತೆವು. “ಇದ್ರೊಳ್ಗೆ ನಮ್ಮವ್ವ ಅವ್ಳೇನ್ಲಾ?” ಎಂದು ಅವ್ವ ಅದನ್ನು ತಿರುವಿ ನೋಡಿದಳು. ಮೂರನೆಯ ಹಾಡಿನ ನಡುವೆ ಥಟ್ಟನೆ ಗುಂಡಿ ಒತ್ತಿ ನಿಲ್ಲಿಸಿ, “ಇಲ್ಲೊಂದು ಸೊಲ್ಲು ಬಿಟ್ಬುಟ್ಳು ಕಣೋ, ಕೆಮ್ಮು ಬಂದ್ಬುಡ್ತಲ್ಲ” ಎಂದು, ಬಿಟ್ಟುಹೋಗಿದ್ದ ಸೊಲ್ಲನ್ನು ತಾನೇ ಹಾಡಿದಳು. ಅವ್ವ ಹಾಡಬಲ್ಲಳೆಂಬುದು ನನಗೆ ಅಂದಿನವರೆಗೂ ತಿಳಿದಿರಲಿಲ್ಲ. ಮೊಬೈಲಿನಲ್ಲಿ ಇದೇ ಹಾಡನ್ನು ಎರಡು ವರ್ಷ ಕೇಳಿದ್ದೆವು. ನಿಲ್ಲಿಸುವ ಗುಂಡಿ ಆಗ ಆಕೆಯ ಕೈಯಲ್ಲಿರಲಿಲ್ಲ.

ಪೆಟ್ಟಿಗೆ ಈಗ ಅಡಿಗೆಯ ಮನೆಯ ಗೂಡಿನಲ್ಲಿದೆ. ನನಗೆಂದು ಕೊಂಡುದು ನನ್ನದಾಗಲಿಲ್ಲ. ಹೊಂಗೆಯ ಮರದ ಕೆಳಗಿನ ಮಿತ್ರರು ಇದಕ್ಕೂ ನಗಬಹುದು, ನಗಲಿ. ಅವರಲ್ಲಿಯೂ ಇತರ ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಇಂತಹ ಕ್ಯಾಸೆಟ್ಟುಗಳಿವೆಯೇ ನೋಡಿರಿ. ತೇವಕ್ಕೆ ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಕೆಡುತ್ತದೆ. ಹಾಡಿಸುವ ಯಂತ್ರಗಳೂ ದಿನದಿನಕ್ಕೆ ಅಪರೂಪವಾಗುತ್ತಿವೆ. ನಮ್ಮ ಕಾಲೇಜಿನ ಕನ್ನಡ ವಿಭಾಗ ಒಂದು ಟೇಪ್ ರೆಕಾರ್ಡರನ್ನೂ ಒಂದು ಕಂಪ್ಯೂಟರನ್ನೂ ವಾರಕ್ಕೊಂದು ಮಧ್ಯಾಹ್ನ ಈ ಕೆಲಸಕ್ಕೆ ಬಿಟ್ಟುಕೊಟ್ಟರೆ, ಎಷ್ಟೋ ಊರಿನ ಕಂಠಗಳು ಉಳಿದಾವು. ಅಧ್ಯಾಪಕ ವರ್ಗದವರು ಇದನ್ನು ಪರಿಶೀಲಿಸಬೇಕೆಂದು ಬೇಡುತ್ತೇನೆ. ತಂತಿ ಜೋಡಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಊಟದ ವಿರಾಮವನ್ನು ಬಿಡಲೂ ಸಿದ್ಧ.